ಇಂಜಿನ್ ತಿಂದ ಮಣ್ಣು – ಏರ್ ಕ್ಲೀನರ್ ಹುಟ್ಟಿದ ಕಥೆ

ಮೆಕ್ಕೆಜೋಳದ ರಾಶಿ ಮುಗಿಯೋ ಹೊತ್ತಿಗೆ ನನ್ನ ಟ್ರ್ಯಾಕ್ಟರ್ ಆಯಿಲ್ ಕುಡಿಯೋಕೆ ಶುರು ಮಾಡಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ, ಬ್ರೀದರ್ ಪೈಪಿಂದ ಬುಸುಬುಸು ಗಾಳಿ, ಏರು ಸಿಕ್ಕರೆ ಟ್ರೇಲರ್ ಎಳೆಯೋಕೆ ಉಸಿರಿಲ್ಲ. ಮೂರು ಸಿಲಿಂಡರಿನ 35 ಎಚ್‌ಪಿ ಗಾಡಿ. ಲೈನರ್, ಪಿಸ್ಟನ್, ರಿಂಗ್ ಎಲ್ಲಾ ಹೊಸದು ಹಾಕಿಸಿ ಎರಡು ವರ್ಷ ತುಂಬಿರಲಿಲ್ಲ. ಮೀಟರಿನಲ್ಲಿ 1,100 ಗಂಟೆ ಚಿಲ್ಲರೆ ಓಡಿತ್ತು ಅಷ್ಟೆ. ಇಷ್ಟು ಬೇಗ ಇಂಜಿನ್ ಹೋದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ನನಗೂ ಬಂತು. ಅದನ್ನ ಡ್ರೈವರ್ ಹುಡುಗನ ಮೇಲೆ ತೀರಿಸಿಕೊಂಡೆ. "ಆಯಿಲ್ ಬದಲಿ ಮಾಡಿದೀನಿ ಅಂತ ಸುಳ್ಳು ಹೇಳಿ ದುಡ್ಡು ಇಟ್ಕೊಂಡಿದೀಯ" ಅಂತ ಕಣದಲ್ಲಿ ಹತ್ತು ಜನದ ಮುಂದೆ ಅಂದುಬಿಟ್ಟೆ. ಅವನು ಎದುರಾಡಲಿಲ್ಲ. ಕೀಲಿಯನ್ನ ಬಾನೆಟ್ ಮೇಲೆ ಇಟ್ಟು ಹೋದ.

ಆಮೇಲೆ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಿದೆ. ಮೇಸ್ತ್ರಿ ಬಾಯಲ್ಲಿ ಮಾತು ಕಡಿಮೆ. ರಿಂಗುಗಳನ್ನ ಒಂದೊಂದೇ ಬಿಡಿಸಿ ಪೇಪರ್ ಮೇಲೆ ಸಾಲಾಗಿ ಇಟ್ಟ. ಮೇಲಿನ ರಿಂಗಿನ ಅಂಚು ಸವೆದು ಬ್ಲೇಡಿನಂಗೆ ಚೂಪಾಗಿತ್ತು. ಅದನ್ನೇ ಲೈನರಿನೊಳಗೆ ಕೂರಿಸಿ ತೋರಿಸಿದ, ಬಾಯಿ ಆ ಅಂತ ತೆರೆದುಕೊಂಡಿತ್ತು. ಕೆಳಗಿನ ಆಯಿಲ್ ರಿಂಗ್ ಮಾತ್ರ ಪರವಾಗಿಲ್ಲ ಅನ್ನೋ ಹಂಗಿತ್ತು. ಕ್ರ್ಯಾಂಕಿನ ಬೇರಿಂಗ್ ತೆಗೆದು ಬೆರಳಾಡಿಸಿದ, ಗೀರಿಲ್ಲ. "ಅಣ್ಣಾ, ಇದು ಆಯಿಲ್ ತಪ್ಪಲ್ಲ. ಆಯಿಲ್ ಕೆಟ್ಟು ಹೋಗಿದ್ರೆ ಮೊದಲು ಕೆಳಗೆ ತಿನ್ನಬೇಕಿತ್ತು, ಬೇರಿಂಗ್ ಹೋಗಬೇಕಿತ್ತು. ಇದು ಮೇಲಿಂದ ಗಾಳಿ ಜೊತೆ ಬಂದ ಮಣ್ಣು" ಅಂದ.

ಗಾಳಿ ಜೊತೆ ಬಂದ ಧೂಳು ಮೊದಲು ಮೇಲಿನ ರಿಂಗಿಗೆ, ಲೈನರಿನ ಮೇಲ್ಭಾಗಕ್ಕೆ ತಾಕುತ್ತೆ. ಆಯಿಲಿನಲ್ಲಿ ಬಂದ ಕೊಳೆ ಕೆಳಗಿಂದ ಮೇಲಕ್ಕೆ ತಿನ್ನುತ್ತೆ. ಇಷ್ಟೇ ಲೆಕ್ಕ. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸ್ತಿದ್ರೂ ನನಗೆ ಇದು ಗೊತ್ತಿರಲಿಲ್ಲ. ಹುಡುಗನಿಗೆ ಅಂದ ಮಾತು ಗಂಟಲಲ್ಲಿ ಮುಳ್ಳಾಗಿ ಕೂತುಬಿಡ್ತು. ಬಿಡಿಭಾಗ ಬರೋ ತನಕ ಹನ್ನೆರಡು ದಿನ ಗಾಡಿ ಇಲ್ಲದೆ ಮನೇಲಿ ಕೂತಿದ್ದೆ. ಈ ಧೂಳಿನ ಕಾಟವನ್ನ ಮೊದಲು ಕಂಡುಹಿಡಿದೋರು ಯಾರು, ಏನು ಮಾಡಿದ್ರು ಅಂತ ಹುಡುಕಿ ಓದ್ತಾ ಹೋದೆ. ಇಂಗ್ಲಿಷಿನಲ್ಲಿ ಇದ್ದಿದ್ದನ್ನ ಮಗಳು ಓದಿ ಹೇಳಿದಳು. ಅದನ್ನೇ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಮೊದಲು ಒಂದು ಲೆಕ್ಕ ಹಾಕೋಣ. ನನ್ನ ಇಂಜಿನ್ ಸುಮಾರು 2,500 ಸಿಸಿ, ಅಂದ್ರೆ ಎರಡೂವರೆ ಲೀಟರು. ಫೋರ್ ಸ್ಟ್ರೋಕ್ ಆಗಿರೋದ್ರಿಂದ ಎರಡು ಸುತ್ತಿಗೆ ಒಂದು ಸಲ ಹೊಟ್ಟೆ ತುಂಬ ಗಾಳಿ ಎಳೀತದೆ. ನಿಮಿಷಕ್ಕೆ 1,500 ಸುತ್ತು ತಿರುಗಿದ್ರೆ 750 ಸಲ ಎಳೆದಂಗೆ. ಗುಣಿಸಿ ನೋಡಿ, ನಿಮಿಷಕ್ಕೆ 1,875 ಲೀಟರು, ಗಂಟೆಗೆ ಒಂದು ಲಕ್ಷದ ಮೇಲೆ. ಪೂರ್ತಿ ತುಂಬಲ್ಲ, ಸ್ವಲ್ಪ ಕಮ್ಮಿ ಅಂದ್ಕೊಂಡ್ರೂ ಮನೆ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕು ಹತ್ತಿರ ಹತ್ತಿರ ನೂರು ಆಗುತ್ತೆ. ಒಂದು ಗಂಟೆಗೆ ಅಷ್ಟು ಗಾಳಿ! ಡೀಸೆಲ್ ಹಾಕುವಾಗ ಬಟ್ಟೆ ಕಟ್ಟಿ ಸೋಸ್ತೀವಿ. ಆ ಒಂದು ಲೀಟರ್ ಡೀಸೆಲ್ ಉರಿಯೋಕೆ ಹತ್ತು ಸಾವಿರ ಲೀಟರಿಗಿಂತ ಹೆಚ್ಚು ಗಾಳಿ ಬೇಕು ಅನ್ನೋದನ್ನ ಯಾರೂ ಯೋಚನೆ ಮಾಡಲ್ಲ.

ಆ ಗಾಳಿಯಲ್ಲಿ ಇರೋ ಧೂಳು ಏನು? ನಮ್ಮ ಮಸಾರಿ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಜಾಸ್ತಿ. ಬೆಣಚುಕಲ್ಲಿನ ಗಡಸುತನ ಅಳತೆಯಲ್ಲಿ 7. ಚಾಕುವಿನ ಉಕ್ಕು ಐದೂವರೆ ಆಸುಪಾಸು. ಲೈನರಿನ ಬೀಡು ಕಬ್ಬಿಣ ಇದರ ಮುಂದೆ ಏನೂ ಅಲ್ಲ. ಎರೆ ಹೊಲದಲ್ಲಿ ಜೇಡಿ ಹೆಚ್ಚು, ಅದು ಫಿಲ್ಟರನ್ನ ಬೇಗ ಕಟ್ಟಿಸುತ್ತೆ. ಮಸಾರಿ ಧೂಳು ಒಳಗೆ ಹೋದ್ರೆ ಉಜ್ಜುತ್ತೆ. ಕಣ್ಣಿಗೆ ಕಾಣೋ ಮರಳಿನ ಹರಳು ಅಲ್ಲ ಕಷ್ಟ ಕೊಡೋದು. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ರಿಂಗಿಗೂ ಲೈನರಿಗೂ ನಡುವೆ ಇರೋ ಆಯಿಲ್ ಪದರ ಕೆಲವೇ ಮೈಕ್ರಾನ್. ಆ ಸಂದಿಗೆ ಸರಿಹೊಂದೋ ಅಳತೆಯ, ಐದರಿಂದ ಇಪ್ಪತ್ತು ಮೈಕ್ರಾನಿನ ನುಣುಪು ಧೂಳೇ ಅರೆಯೋ ಕಲ್ಲಾಗುತ್ತೆ. ಬೆಳಿಗ್ಗೆ ಬಿಸಿಲ ಕೋಲಲ್ಲಿ ತೇಲಾಡ್ತದಲ್ಲ, ಆ ಜಾತಿಯದ್ದು.

ಈಗ ನೂರು ವರ್ಷ ಹಿಂದಕ್ಕೆ ಹೋಗೋಣ. ಉಗಿ ಇಂಜಿನ್ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅದರ ಬೆಂಕಿ ಸಿಲಿಂಡರಿನ ಹೊರಗೆ, ಒಳಕ್ಕೆ ಹೋಗೋದು ಉಗಿ ಮಾತ್ರ. ಪೆಟ್ರೋಲು, ಸೀಮೆಎಣ್ಣೆ ಇಂಜಿನ್ ಬಂದಾಗ ಸಿಲಿಂಡರೇ ಮೂಗು ಬಿಟ್ಟು ಉಸಿರಾಡೋಕೆ ಶುರು ಮಾಡ್ತು. ಕಾರು ರಸ್ತೆ ಮೇಲೆ ಹೋಗುತ್ತೆ, ಅದರ ಧೂಳು ಹಿಂದಿನವರಿಗೆ. ಟ್ರ್ಯಾಕ್ಟರ್ ಹಂಗಲ್ಲ. ತಾನು ಎಬ್ಬಿಸಿದ ಧೂಳಲ್ಲೇ, ಇತ್ತು ತಿರುಗಿ ಅತ್ತ ತಿರುಗಿ, ಇಡೀ ದಿನ ನಿಂತಿರಬೇಕು. ಗಾಳಿ ಹಿಂದಿನಿಂದ ಬೀಸಿದ್ರೆ ಮುಗೀತು. ಆದ್ರೂ ಆಗಿನ ಎಷ್ಟೋ ಟ್ರ್ಯಾಕ್ಟರುಗಳಿಗೆ ಗಾಳಿ ಸೋಸೋ ಡಬ್ಬಿಯೇ ಇರಲಿಲ್ಲ.

ಅಮೆರಿಕದ ಮಿನಿಯಾಪೊಲಿಸ್ ಊರಲ್ಲಿ ಬುಲ್ ಅಂತ ಒಂದು ಟ್ರ್ಯಾಕ್ಟರ್ ಕಂಪನಿ ಇತ್ತು. ಅವರ ಲಿಟಲ್ ಬುಲ್ ಅನ್ನೋದು ಮೂರು ಗಾಲಿಯ ಸಣ್ಣ ಗಾಡಿ, ಬೆಲೆ 335 ಡಾಲರು. ಅಗ್ಗ ಅಂತ 1914ರಲ್ಲಿ ರೈತರು ಮುಗಿಬಿದ್ದು ಕೊಂಡರು. ಅದೇ ಕಂಪನಿಯಲ್ಲಿ ಮಾರಾಟದ ಕೆಲಸದಲ್ಲಿದ್ದವನು ಫ್ರಾಂಕ್ ಡೊನಾಲ್ಡ್‌ಸನ್. ಯೂಟಾ ಅನ್ನೋ ಒಣ ಸೀಮೆಯಲ್ಲಿ ಒಬ್ಬ ರೈತನ ಟ್ರ್ಯಾಕ್ಟರ್ ಮತ್ತೆ ಮತ್ತೆ ಕೆಟ್ಟು ನಿಲ್ತಿತ್ತು. ಹೋಗಿ ನೋಡಿದ ಡೊನಾಲ್ಡ್‌ಸನ್‌ಗೆ ಕಂಡಿದ್ದು ಇಷ್ಟೇ: ಇಂಜಿನ್ ಧೂಳು ಕುಡಿದು ಸಾಯ್ತಿದೆ. ತಂತಿಯಿಂದ ಒಂದು ಪಂಜರ ಮಾಡಿ, ಅದಕ್ಕೆ ಮೆತ್ತನೆ ಬಟ್ಟೆ ಸುತ್ತಿ, ಧೂಳಿನ ಮಟ್ಟಕ್ಕಿಂತ ಮೇಲಿಂದ ಗಾಳಿ ಬರೋ ಹಂಗೆ ಪೈಪು ಎತ್ತಿ ನಿಲ್ಲಿಸಿದ. ಗಾಡಿ ಓಡ್ತು.

ಕಂಪನಿಯವರು ಶಾಭಾಸ್ ಅಂದಿರಬೇಕು ಅಂದ್ಕೊಂಡ್ರಾ? ಕೆಲಸದಿಂದ ತೆಗೆದ್ರು. ನಮ್ಮ ಟ್ರ್ಯಾಕ್ಟರಿನಲ್ಲಿ ಕೊರತೆ ಐತೆ ಅಂತ ನೀನೇ ಒಪ್ಪಿಕೊಂಡಂಗಾಯ್ತು ಅನ್ನೋದು ತಪ್ಪು. ಅವನು 1915ರಲ್ಲಿ ತಾನೇ ಏರ್ ಕ್ಲೀನರ್ ಮಾಡೋ ಕಂಪನಿ ಶುರು ಮಾಡಿದ. ಇವತ್ತಿಗೂ ಅದೇ ಹೆಸರಿನ ಫಿಲ್ಟರು ನಮ್ಮ ಕಡೆ ಜೆಸಿಬಿ, ಲಾರಿ ಅಂಗಡಿಗಳಲ್ಲಿ ಸಿಗುತ್ತೆ. ಬುಲ್ ಟ್ರ್ಯಾಕ್ಟರ್ ಮಾತ್ರ ಕೆಲವೇ ವರ್ಷದಲ್ಲಿ ಕಣ್ಮರೆ ಆಯ್ತು.

ಈ ಪ್ರಸಂಗ ಕೇಳಿದಾಗ ನನಗೆ ನಮ್ಮಪ್ಪ ನೆನಪಾದ. ನಮ್ಮ ಬಾವಿ ಮೇಲೆ 5 ಎಚ್‌ಪಿ ಆಯಿಲ್ ಇಂಜಿನ್ ಇತ್ತು. ಬೇವಿನ ಮರದ ನೆರಳಲ್ಲಿ ಕೂತು ನೀರೆತ್ತುವಾಗ ಅದಕ್ಕೆ ಏನೂ ಆಗ್ತಿರಲಿಲ್ಲ. ಅದನ್ನೇ ಚಕ್ಕಡಿ ಮೇಲೆ ಹೇರಿ ಕಣಕ್ಕೆ ತಂದು ರಾಶಿ ಮಿಷನ್ನಿಗೆ ಬೆಲ್ಟ್ ಹಾಕಿದಾಗ ಅಪ್ಪ ಹಳೇ ಪಂಚೆ ಹರಿದು ಗಾಳಿ ಡಬ್ಬಿಗೆ ಸುತ್ತುತಿದ್ದ. ಅರ್ಧ ದಿನಕ್ಕೊಮ್ಮೆ ಬಿಚ್ಚಿ ಕೊಡವಿ ಮತ್ತೆ ಕಟ್ಟೋದು. "ನಾವು ಮೂಗಿಗೆ ಟವೆಲ್ ಕಟ್ಕೊಂಡಿಲ್ವಾ, ಅದಕ್ಕೂ ಕಟ್ಟು" ಅನ್ನೋನು. ಯೂಟಾ ಎಲ್ಲಿ, ನಮ್ಮ ಕಣ ಎಲ್ಲಿ. (ಈಗಿನ ಗಾಡಿಗೆ ಹಂಗೆ ಬಟ್ಟೆ ಕಟ್ಟಬೇಡಿ. ಉಸಿರುಕಟ್ಟಿ ಕಪ್ಪು ಹೊಗೆ ಬಿಡುತ್ತೆ, ಡೀಸೆಲ್ ಜಾಸ್ತಿ ಎಳೆಯುತ್ತೆ.)

ಬುಲ್ ಟ್ರ್ಯಾಕ್ಟರಿಗೆ ಇನ್ನೊಂದು ಕಡೆಯಿಂದಲೂ ಏಟು ಬಿತ್ತು. ನೆಬ್ರಾಸ್ಕಾದಲ್ಲಿ ವಿಲ್ಮಟ್ ಕ್ರೋಜಿಯರ್ ಅನ್ನೋ ರೈತ ಮೊದಲು ಫೋರ್ಡ್ ಅನ್ನೋ ಟ್ರ್ಯಾಕ್ಟರ್ ತಗೊಂಡ. ಕಾರಿನ ಹೆನ್ರಿ ಫೋರ್ಡ್ ಅಲ್ಲ, ಇದು ಬೇರೆ. ಫೋರ್ಡ್ ಅನ್ನೋ ಹೆಸರಿನ ಒಬ್ಬ ಆಸಾಮಿಯನ್ನ ಸೇರಿಸಿಕೊಂಡು ಆ ಹೆಸರಲ್ಲೇ ವ್ಯಾಪಾರ ಮಾಡ್ತಿದ್ದ ಮಿನಿಯಾಪೊಲಿಸ್ ಕಂಪನಿ. ಅದು ಕೈಕೊಟ್ಟ ಮೇಲೆ ಬುಲ್ ತಗೊಂಡ, ಅದೂ ಅಷ್ಟೇ. ಮೂರನೇದು ರುಮೆಲಿ ಕಂಪನಿಯದು, ಅದು ಹೇಳಿದಷ್ಟು ಕೆಲಸ ಮಾಡ್ತು. ಕ್ರೋಜಿಯರ್ ಮುಂದೆ ಶಾಸಕನಾದ. ಕಂಪನಿಯವರು ಹೇಳಿದ ಮಾತನ್ನ ಪರೀಕ್ಷೆ ಮಾಡಿ ನೋಡದೆ ಟ್ರ್ಯಾಕ್ಟರ್ ಮಾರುವ ಹಾಗಿಲ್ಲ ಅಂತ 1919ರಲ್ಲಿ ಆ ರಾಜ್ಯದಲ್ಲಿ ಕಾನೂನು ಬಂತು. 1920ರಿಂದ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಟ್ರ್ಯಾಕ್ಟರ್ ಪರೀಕ್ಷೆ ಶುರು. ಮೊದಲು ಪಾಸಾಗಿದ್ದು ವಾಟರ್ಲೂ ಬಾಯ್. ಮೋಸ ಹೋದ ಒಬ್ಬ ರೈತ ಕಾನೂನು ಮಾಡಿಸಿದ, ಇದನ್ನ ನಮ್ಮ ಸಂಘದ ಮೀಟಿಂಗಿನಲ್ಲೂ ಒಂದು ಸಲ ಓದಿ ಹೇಳಬೇಕು ಅಂತಿದೀನಿ.

ಅತ್ತ ಹೆನ್ರಿ ಫೋರ್ಡ್ 1917ರಲ್ಲಿ ಫೋರ್ಡ್‌ಸನ್ ತಂದಾಗ ಅದಕ್ಕೆ ನೀರಿನ ಏರ್ ಕ್ಲೀನರ್ ಇಟ್ಟಿದ್ದ. ಗಾಳಿ ನೀರಿನ ಮೂಲಕ ಗುಳುಗುಳು ಅಂತ ಹಾದು ಹೋಗಬೇಕು, ಧೂಳು ನೀರಿನಲ್ಲಿ ಉಳೀಬೇಕು. ನಮ್ಮ ಹುಕ್ಕಾ ಇದ್ದಂಗೆ. ಯೋಚನೆ ಚೆನ್ನಾಗೇ ಐತೆ, ಆದ್ರೆ ನೀರು ಆವಿಯಾಗಿ ಹೋಗುತ್ತೆ, ಮತ್ತೆ ಮತ್ತೆ ತುಂಬಬೇಕು, ಕೆಸರು ತೆಗೀಬೇಕು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತೆ. ರೈತನಿಗೆ ಕುಡಿಯೋ ನೀರು ಒಯ್ಯೋಕೇ ಮರೆತು ಹೋಗಿರುತ್ತೆ, ಫಿಲ್ಟರಿಗೆ ಎಲ್ಲಿಂದ ತರ್ತಾನೆ.

ಬಟ್ಟೆ, ನೀರು, ಗಾಳಿಯನ್ನ ಗಿರಗಿರ ತಿರುಗಿಸಿ ಧೂಳು ಹೊರಗೆ ಎಸೆಯೋ ಡಬ್ಬಿ, ಹಿಂಗೆ ತರಾವರಿ ಕ್ಲೀನರುಗಳು ಬಂದವು. ಎಲ್ಲರೂ ನಮ್ಮದೇ ಶ್ರೇಷ್ಠ ಅನ್ನೋರೆ. ಯಾವುದು ಎಷ್ಟು ಹಿಡಿಯುತ್ತೆ ಅಂತ ತೂಕ ಹಾಕಿ ನೋಡೋ ಕೆಲಸವನ್ನ 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಎ. ಎಚ್. ಹಾಫ್‌ಮನ್ ಅನ್ನೋರು ಮಾಡಿದ್ರು. ಇಷ್ಟು ಧೂಳು ಒಳಗೆ ಬಿಟ್ಟೆ, ಇಷ್ಟು ಕ್ಲೀನರಿನಲ್ಲಿ ಸಿಕ್ತು, ಉಳಿದದ್ದು ಇಂಜಿನ್ನಿಗೆ ಹೋಯ್ತು. ಸರಳ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ, ಹೊಲ ಉಳುಮೆ ಅಂದ್ರೆ ಧೂಳಿನ ಮೋಡ. ಅದಕ್ಕೇ ಈ ಕೆಲಸ ಅಲ್ಲಿ ನಡೀತು ಅಂತ ಕಾಣುತ್ತೆ.

ಪರೀಕ್ಷೆ ಮಾಡೋಕೆ ಎಲ್ಲರಿಗೂ ಒಂದೇ ನಮೂನೆ ಧೂಳು ಬೇಕಲ್ಲ. ನಿಮ್ಮ ಮಣ್ಣಲ್ಲಿ ಪಾಸಾದ ಫಿಲ್ಟರ್ ನನ್ನ ಮಣ್ಣಲ್ಲಿ ಫೇಲ್ ಆಗಬಹುದು. ಅದಕ್ಕೆ ಅರಿಜೋನಾ ರಾಜ್ಯದ ಸಾಲ್ಟ್ ರಿವರ್ ಕಣಿವೆಯಲ್ಲಿ ಟ್ರ್ಯಾಕ್ಟರ್ ಓಡಿದ ಮೇಲೆ ಕೂತ ಧೂಳನ್ನ ಗುಡಿಸಿ ತಂದು, ಜರಡಿ ಹಿಡಿದು, ನುಣುಪು ಒಂದು, ದಪ್ಪ ಒಂದು ಅಂತ ವಿಂಗಡಿಸಿ ಡಬ್ಬಿಗೆ ತುಂಬಿ ಮಾರಿದ್ರು! ಜನರಲ್ ಮೋಟರ್ಸ್‌ನ ಎಸಿ ಸ್ಪಾರ್ಕ್ ಪ್ಲಗ್ ವಿಭಾಗ 1992ರ ತನಕ ಇದನ್ನ ಮಾಡ್ತಿತ್ತು. ಈಗ ಅದಕ್ಕೆ ಐಎಸ್‌ಒ ನಂಬರ್ ಐತೆ, ಆದ್ರೂ ಬಾಯಿಮಾತಲ್ಲಿ ಅರಿಜೋನಾ ಧೂಳು ಅಂತಲೇ ಕರೀತಾರೆ. ನೀವು ಕೊಳ್ಳೋ ಫಿಲ್ಟರಿನ ಡಬ್ಬಿ ಮೇಲೆ 99 ಚಿಲ್ಲರೆ ಪರ್ಸೆಂಟ್ ಅಂತ ಬರೆದಿದ್ರೆ ಅದರ ಅಳತೆಗೋಲು ಯಾರೋ ರೈತನ ಹೊಲದ ಧೂಳು. ನಮ್ಮ ಹೊಲದಲ್ಲಿ ಪುಕ್ಕಟೆ ಬಿದ್ದಿರೋದನ್ನ ಅಲ್ಲಿ ತೂಕ ಮಾಡಿ ಮಾರ್ತಾರೆ ಅಂದಾಗ ನನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು.

ಇಷ್ಟೆಲ್ಲಾ ಆದ ಮೇಲೆ ಗೆದ್ದಿದ್ದು ಆಯಿಲ್ ಬಾತ್. ನಿಮ್ಮ ಗಾಡಿಯಲ್ಲೂ ಇರಬಹುದು, ಕೆಳಗೆ ಬಟ್ಟಲು, ಅದರಲ್ಲಿ ಇಂಜಿನ್ ಆಯಿಲ್. ನಡುವಿನ ಪೈಪಿಂದ ಗಾಳಿ ಜೋರಾಗಿ ಕೆಳಗೆ ಬಂದು ಆಯಿಲ್ ಮೇಲೆ ಬಡಿದು ತಟ್ಟನೆ ಮೇಲಕ್ಕೆ ತಿರುಗುತ್ತೆ. ಭಾರದ ಧೂಳಿಗೆ ಹಂಗೆ ತಿರುಗೋಕೆ ಆಗಲ್ಲ, ಆಯಿಲಿಗೆ ಬೀಳುತ್ತೆ. ಹಗುರದ ಧೂಳು ಆಯಿಲ್ ತುಂತುರಿನ ಜೊತೆ ಮೇಲಕ್ಕೆ ಹೋಗಿ ತಂತಿ ಜಾಲರಿಗೆ ಅಂಟುತ್ತೆ. ಅಲ್ಲಿಂದ ಆಯಿಲ್ ತೊಟ್ಟಿಕ್ಕುವಾಗ ಜಾಲರಿಯನ್ನ ತಾನೇ ತೊಳೆದು ಕೆಳಗೆ ತರುತ್ತೆ. ಬಿಡಿಭಾಗ ಕೊಳ್ಳಂಗಿಲ್ಲ, ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಆಯಿಲ್ ಹಾಕಿದ್ರೆ ಆಯ್ತು. ಅದಕ್ಕೇ 1930ರ ದಶಕದಲ್ಲಿ ಟ್ರ್ಯಾಕ್ಟರುಗಳಿಗೆ ಇದೇ ಗಟ್ಟಿಯಾಯ್ತು.

ಆದ್ರೆ ಇದಕ್ಕೆ ತನ್ನದೇ ಚಾಳಿ ಐತೆ. ಗಾಳಿಯ ರಭಸ ಇದ್ದಾಗ ಮಾತ್ರ ಚೆನ್ನಾಗಿ ಹಿಡಿಯುತ್ತೆ, ಸ್ಲೋ ರನ್ನಿಂಗಿನಲ್ಲಿ ಸಡಿಲ. ಅಂದ್ರೆ ಧೂಳಿನ ನಡುವೆ ಗಾಡಿ ನಿಲ್ಲಿಸಿ ಇಂಜಿನ್ ಚಾಲೂ ಬಿಟ್ಟು ಬೀಡಿ ಸೇದೋ ಹೊತ್ತಲ್ಲಿ ಹೆಚ್ಚು ನುಗ್ಗುತ್ತೆ. ಆಯಿಲ್ ಗೆರೆಗಿಂತ ಕೆಳಗಿದ್ರೆ ಧೂಳು ಹಿಡಿಯಲ್ಲ. ಇರಲಿ ಅಂತ ಗೆರೆ ಮೀರಿ ಹಾಕಿದ್ರೆ ಇಂಜಿನ್ ಆಯಿಲನ್ನೇ ಎಳೆದುಕೊಳ್ಳುತ್ತೆ. ಡೀಸೆಲ್ ಇಂಜಿನ್ನಿಗೆ ಆಯಿಲ್ ಕೂಡ ಡೀಸೆಲ್ಲೇ, ಕೀಲಿ ಎಳೆದ್ರೂ ನಿಲ್ಲದೆ ರೇಸ್ ಆಗಿಬಿಡಬಹುದು. ಬಟ್ಟಲ ತಳದಲ್ಲಿ ಕೆಸರು ಕೂತಷ್ಟೂ ಆಯಿಲ್ ಗೆರೆ ತಂತಾನೇ ಮೇಲೆ ಬರುತ್ತೆ. ಗೆರೆ ಸರಿ ಐತೆ ಅಂತ ಮೋಸ ಹೋಗೋದು ಇಲ್ಲೇ, ಬೆರಳು ಅದ್ದಿ ತಳ ಮುಟ್ಟಿ ನೋಡಬೇಕು.

ಅದೇ 1930ರ ದಶಕದಲ್ಲೇ ಅಮೆರಿಕದ ಕನ್ಸಾಸ್, ಒಕ್ಲಹೋಮ ಕಡೆ ಬರ ಬಿದ್ದು, ಟ್ರ್ಯಾಕ್ಟರಿನಿಂದ ಹುಲ್ಲುಗಾವಲು ಕಿತ್ತು ಉತ್ತಿದ್ದ ಭೂಮಿ ಎಲ್ಲಾ ಎದ್ದು ಹಾರಿತು. 1935ರ ಏಪ್ರಿಲ್ 14, ಭಾನುವಾರ, ಹಗಲೇ ಕತ್ತಲಾಯ್ತು. ಅವರು ಅದಕ್ಕೆ ಕಪ್ಪು ಭಾನುವಾರ ಅಂತಲೇ ಹೆಸರಿಟ್ಟಿದಾರೆ. ಟ್ರ್ಯಾಕ್ಟರ್ ಎಬ್ಬಿಸಿದ ಧೂಳು ಟ್ರ್ಯಾಕ್ಟರನ್ನೇ ತಿನ್ನೋಕೆ ಬಂತು. ಒಣ ಮಸಾರಿಯಲ್ಲಿ ಎರಡೆರಡು ಸಲ ರೋಟವೇಟರ್ ಹೊಡೆದು ಹಿಟ್ಟು ಮಾಡೋ ನಮ್ಮ ಹುಡುಗರಿಗೆ ಇದನ್ನ ಹೇಳಬೇಕು. ಹದ ಇದ್ದಾಗ ಹೊಡೆದ್ರೆ ಹೊಲಕ್ಕೂ ಒಳ್ಳೇದು, ಇಂಜಿನ್ನಿಗೂ ಒಳ್ಳೇದು.

ಎರಡನೇ ಮಹಾಯುದ್ಧದಲ್ಲಿ ಇದೇ ಪಾಠವನ್ನ ಸೈನ್ಯಗಳು ಕಲಿತವು. ಈಜಿಪ್ಟ್, ಲಿಬಿಯಾ ಮರಳುಗಾಡಿನಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಕ್ಕೆ ಮೂತಿ ಕೆಳಗೆ ವೋಕ್ಸ್ ಕಂಪನಿಯ ದೊಡ್ಡ ಫಿಲ್ಟರ್ ಕಟ್ಟಿದ್ರು. ಇಂಜಿನ್ ಉಳೀತು, ವಿಮಾನದ ವೇಗ ಇಳೀತು. ಕೊನೆಗೆ ಈಜಿಪ್ಟಿನ ಅಬೂಕಿರ್ ವರ್ಕ್‌ಶಾಪಿನ ಮೆಕ್ಯಾನಿಕ್‌ಗಳೇ ಅದಕ್ಕಿಂತ ಸಣ್ಣದು ಮಾಡಿಕೊಂಡರು. ರಷ್ಯಾದವರ ಟಿ-34 ಟ್ಯಾಂಕಿನ ಹೆಸರು ಕೇಳಿರ್ತೀರಿ. 1942ರಲ್ಲಿ ಒಂದನ್ನ ಅಮೆರಿಕದ ಅಬರ್ಡೀನ್‌ಗೆ ಕಳಿಸಿ ಓಡಿಸಿ ನೋಡಿದ್ರೆ 400 ಕಿಲೋಮೀಟರ್ ಕೂಡ ಆಗದೆ ಇಂಜಿನ್ ಸವೆದು ನಿಂತಿತು. ಕಾರಣ ಏರ್ ಕ್ಲೀನರ್. ಆಮೇಲೆ ರಷ್ಯಾದವರು ಗಾಳಿ ತಿರುಗಿಸಿ ಧೂಳು ಎಸೆಯೋ ಸೈಕ್ಲೋನ್ ಕ್ಲೀನರ್ ಹಾಕಿದ್ರು. ಅಷ್ಟು ದಪ್ಪ ಉಕ್ಕಿನ ಕವಚ ಹಾಕಿ, ಮೂಗಿಗೆ ಸರಿಯಾದ ಬಟ್ಟೆ ಕಟ್ಟಿರಲಿಲ್ಲ.

ಕಾಗದದ ಫಿಲ್ಟರ್, ಅಂದ್ರೆ ಡ್ರೈ ಟೈಪ್, ಯುದ್ಧ ಮುಗಿದ ಮೇಲೆ 1950–60ರ ದಶಕಗಳಲ್ಲಿ ಹರಡಿತು. ಇದು ವೇಗ ಕಮ್ಮಿ ಇದ್ದಾಗಲೂ ಹಿಡಿಯುತ್ತೆ, ಆಯಿಲ್ ಬಾತ್‌ಗಿಂತ ನುಣುಪು ಧೂಳನ್ನೂ ಹಿಡಿಯುತ್ತೆ. ಇದರ ಒಂದು ಸ್ವಭಾವ ತಿಳಿದಾಗ ನನಗೆ ಆಶ್ಚರ್ಯ ಆಯ್ತು. ಹೊಸ ಕಾಗದಕ್ಕಿಂತ ಸ್ವಲ್ಪ ಧೂಳು ಕೂತ ಕಾಗದವೇ ಚೆನ್ನಾಗಿ ಸೋಸುತ್ತೆ, ಕೂತ ಧೂಳೇ ಇನ್ನೊಂದು ಜರಡಿ ಆಗುತ್ತೆ. ನಾವು ದಿನಾ ಸಂಜೆ ಬಿಚ್ಚಿ ಟೈರಿಗೆ ಬಡಿದು, ಪಂಕ್ಚರ್ ಅಂಗಡೀಲಿ 100 ಪಿಎಸ್‌ಐ ಗಾಳಿ ಹೊಡೆಸಿ ಫಳಫಳ ಮಾಡ್ತೀವಲ್ಲ, ಅದು ಸೇವೆ ಅಲ್ಲ, ಕೊಲೆ. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತೆ, ರಬ್ಬರ್ ಅಂಚು ಸೊಟ್ಟ ಆಗುತ್ತೆ. ಹೊಡೆಯಲೇಬೇಕು ಅಂದ್ರೆ ಒಳಗಿಂದ ಹೊರಕ್ಕೆ, 30 ಪಿಎಸ್‌ಐ ಮೀರದಂಗೆ, ದೂರದಿಂದ. ಒಳಗಿನ ಸಣ್ಣ ಫಿಲ್ಟರನ್ನ ತೊಳೆಯೋದೂ ಇಲ್ಲ, ಊದೋದೂ ಇಲ್ಲ, ಅವಧಿ ಆದಾಗ ಬದಲಿಸೋದು ಅಷ್ಟೆ.

ನಮ್ಮ ದೇಶದಲ್ಲೇ ಟ್ರ್ಯಾಕ್ಟರ್ ತಯಾರಾಗಿದ್ದು 1959ರಲ್ಲಿ, ಫರೀದಾಬಾದಿನ ಐಷರ್. ಮರುವರ್ಷ ಮದ್ರಾಸಿನಲ್ಲಿ ಟಾಫೆ. ಆಯಿಲ್ ಬಾತ್ ನಮ್ಮಲ್ಲಿ ಇಷ್ಟು ಕಾಲ ಉಳಿದಿದ್ದಕ್ಕೆ ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಹಳ್ಳಿಯಲ್ಲಿ ಫಿಲ್ಟರ್ ಸಿಗಲ್ಲ, ಆಯಿಲ್ ಸಿಗುತ್ತೆ. ನೆಬ್ರಾಸ್ಕಾದ ಥರ ನಮ್ಮಲ್ಲೂ ಪರೀಕ್ಷೆ ಮಾಡೋ ಜಾಗ ಐತೆ, ಮಧ್ಯಪ್ರದೇಶದ ನರ್ಮದಾ ದಂಡೆಯ ಬುದ್ನಿ. 1955ರಲ್ಲಿ ತರಬೇತಿ ಕೇಂದ್ರವಾಗಿ ಶುರುವಾಗಿದ್ದು. ಅಲ್ಲಿ ಟ್ರ್ಯಾಕ್ಟರನ್ನ ವಾಲಿಸಿ ಏರ್ ಕ್ಲೀನರಿನ ಆಯಿಲ್ ಇಂಜಿನ್ನಿಗೆ ಎಳೆಯುತ್ತಾ ಅಂತ ನೋಡ್ತಾರೆ. ಓಡಿಸಿದ ಮೇಲೆ ಇಂಜಿನ್ ಬಿಚ್ಚಿ ಲೈನರ್, ಪಿಸ್ಟನ್, ರಿಂಗಿನ ಬಾಯಿ ಎಲ್ಲಾ ಅಳೆದು ಬರೀತಾರೆ. ಹೊಸ ಗಾಡಿ ತಗೊಳ್ಳುವಾಗ ನಾವು ಸಬ್ಸಿಡಿ ಎಷ್ಟು, ಬಂಪರ್ ಫ್ರೀನಾ ಅಂತ ಕೇಳ್ತೀವಿ. ಬುದ್ನಿ ರಿಪೋರ್ಟಿನಲ್ಲಿ ರಿಂಗ್ ಎಷ್ಟು ಸವೆದಿತ್ತು ಅಂತ ಕೇಳಿದ ಒಬ್ಬನನ್ನೂ ನಾನು ನೋಡಿಲ್ಲ, ನನ್ನನ್ನೂ ಸೇರಿಸಿ.

ನಮ್ಮ ಕಡೆಯವರಿಗೆ ಧೂಳು ಅಂದ್ರೆ ಏನು ಅಂತ ಹೊಸದಾಗಿ ಹೇಳಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸೋ ತನಕ ಸಂಡೂರು, ಹೊಸಪೇಟೆ ರಸ್ತೆಯ ಮರ, ಮನೆ, ಮೆಣಸಿನಗಿಡ ಎಲ್ಲಾ ಕೆಂಪು. ಅದಿರು ಲಾರಿ ಹಿಂದೆ ಹತ್ತು ಕಿಲೋಮೀಟರ್ ಟ್ರೇಲರ್ ಎಳೆದ್ರೆ ಬಟ್ಟಲಿನ ಆಯಿಲ್ ಕುಂಕುಮದ ನೀರಾಗ್ತಿತ್ತು. ಆಗ ವಾರಕ್ಕೆರಡು ಸಲ ತೊಳೀತಿದ್ವಿ. ಹೆದರಿಕೆ ಇತ್ತು, ಅದಕ್ಕೇ ಗಾಡಿ ಉಳೀತು. ಈಗ ಹೆದರಿಕೆ ಹೋಗಿದೆ.

ಇಷ್ಟೆಲ್ಲಾ ಓದಿದ ಮೇಲೂ ನನಗೆ ಒಂದು ಬಗೆಹರಿಯಲಿಲ್ಲ. ನನ್ನ ಬಟ್ಟಲಿನ ಆಯಿಲ್ ಸರಿಯಾಗಿತ್ತು, ಜಾಲರಿ ಚೊಕ್ಕಟ ಇತ್ತು. ಮತ್ತೆ ಮಣ್ಣು ಎಲ್ಲಿಂದ ಬಂತು? ಮೇಸ್ತ್ರಿ ಕ್ಲೀನರಿಂದ ಇಂಜಿನ್ನಿಗೆ ಹೋಗೋ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬೆರಳು ಹಾಕಿ ಎಳೆದ. ಬೆರಳಿಗೆ ಕೆಂಪು ಮೆತ್ತಿತು. ಹೋಸನ್ನ ಬಗ್ಗಿಸಿದಾಗ ಅಡಿಭಾಗದಲ್ಲಿ, ಕ್ಲಿಪ್ಪಿನ ಪಕ್ಕದಲ್ಲಿ, ಉಗುರುದ್ದದ ಸೀಳು ಬಾಯಿ ಬಿಟ್ಟಿತು. ಬಿಟ್ಟರೆ ಮತ್ತೆ ಮುಚ್ಚಿಕೊಳ್ತು. ಗಾಡಿ ನಿಂತಾಗ ನೋಡಿದ್ರೆ ಕಾಣಲ್ಲ, ಮೇಲಿಂದ ನೋಡಿದ್ರಂತೂ ಕಾಣೋದೇ ಇಲ್ಲ. ಕ್ಲೀನರಿಗೆ ಮುಂಚೆ ತೂತಿದ್ರೆ ಚಿಂತೆ ಇಲ್ಲ, ಹೆಂಗೂ ಸೋಸುತ್ತೆ. ಕ್ಲೀನರ್ ದಾಟಿದ ಮೇಲೆ ಇಂಜಿನ್ ಎಳೆಯೋ ಜೋರಿಗೆ ಪ್ರತಿ ಸೀಳೂ ಹಸಿ ಧೂಳನ್ನ ನೇರ ಒಳಗೆ ಹೀರುತ್ತೆ. ಡೊನಾಲ್ಡ್‌ಸನ್, ಹಾಫ್‌ಮನ್, ಅರಿಜೋನಾ ಧೂಳು, ಎಲ್ಲಾ ಸೇರಿ ಮಾಡಿದ ನೂರು ವರ್ಷದ ಕೆಲಸವನ್ನ ಒಂದು ಉಗುರುದ್ದದ ಸೀಳು ಪಕ್ಕದ ದಾರೀಲಿ ದಾಟಿ ಹೋಗಿತ್ತು.

ಎರಡು ವರ್ಷದ ಹಿಂದೆ ಲೈನರ್ ಹಾಕಿಸಿದಾಗ ಆ ಹೋಸ್ ಗಟ್ಟಿಯಾಗಿದೆ, ಬದಲಿಸೋಣ ಅಂತ ಆವತ್ತೇ ಹೇಳಿದ್ರು. ಮುನ್ನೂರು ರೂಪಾಯಿ ಯಾಕೆ ದಂಡ, ಹಳೇದನ್ನೇ ಕ್ಲಿಪ್ ಬಿಗಿ ಮಾಡಿ ಹಾಕು ಅಂದವನು ನಾನೇ. ಈ ಸಲ ಬಿಲ್ಲು ಐವತ್ತು ಸಾವಿರದ ಮೇಲೆ ಆಯ್ತು.

ಮೊನ್ನೆ ಹುಡುಗನ ಮನೆಗೆ ಹೋಗಿದ್ದೆ. ರಿಂಗು, ಹೋಸು ಎರಡನ್ನೂ ಚೀಲದಲ್ಲಿ ಹಾಕ್ಕೊಂಡು ಹೋದೆ. ಕಣದಲ್ಲಿ ಅಂದಿದ್ದು ತಪ್ಪಾಯ್ತು ಅಂದೆ. ಅವನು ರಿಂಗನ್ನ ಮುಟ್ಟಲಿಲ್ಲ, ಹೋಸನ್ನ ತಗೊಂಡು ಬಗ್ಗಿಸಿ ನೋಡಿದ. "ಮಾವ, ಬಟ್ಟಲು ವಾರಾವಾರ ನೋಡ್ತಿದ್ದೆ. ಇದರ ಅಡಿ ನೋಡಬೇಕು ಅಂತ ನನಗೂ ಗೊತ್ತಿರಲಿಲ್ಲ" ಅಂದ. ಅವರಮ್ಮ ಟೀ ಕೊಟ್ಟಳು. ಕೆಲಸಕ್ಕೆ ಬರ್ತೀನಿ ಅಂತ ಅವನು ಹೇಳಲಿಲ್ಲ, ಬರಲ್ಲ ಅಂತಲೂ ಹೇಳಲಿಲ್ಲ. ಕಣದಲ್ಲಿದ್ದ ಹತ್ತು ಜನದಲ್ಲಿ ಏಳೆಂಟು ಜನ ಈ ಪೇಜ್ ಓದ್ತೀರಿ, ಅದಕ್ಕೇ ಇಲ್ಲೂ ಬರೆದಿದೀನಿ. ಅವನು ಒಂದು ರೂಪಾಯಿ ಇಟ್ಕೊಂಡಿರಲಿಲ್ಲ.

ರಿಂಗು, ಹೋಸು ನಮ್ಮ ಪಡಸಾಲೆ ಗೂಟದಲ್ಲಿ ನೇತುಹಾಕಿದೀನಿ. ನೋಡಬೇಕು ಅನ್ನೋರು ಸಂಜೆ ಆರರ ಮೇಲೆ ಬನ್ನಿ. ಟ್ರ್ಯಾಕ್ಟರಲ್ಲೇ ಬಂದ್ರೆ ನಿಮ್ಮ ಹೋಸೊಳಗೂ ಒಂದು ಸಲ ಬೆರಳಾಡಿಸಿ ನೋಡೋಣ.